ಕುಯ್ದ ಬಂದೂಕಿಗೆ ಪೂಜೆ

ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಬೀದಿಯಲ್ಲಿ ಒಂದು ಶನಿವಾರ ಬೆಳಿಗ್ಗೆ ಗುರುತು ಪರಿಚಯವಿಲ್ಲದ ಮುದುಕರೊಬ್ಬರ ಮೇಲೆ ನಾನು ರೇಗಿಬಿಟ್ಟೆ. ಅವರು ಮನೆ ಮುಂದೆ ಹಳೆಯ ಸಾಮಾನು ಹರಡಿಕೊಂಡು ಗರಾಜ್ ಸೇಲ್ ಹಾಕಿದ್ದರು. ನಾನು ಹೋದದ್ದು ಹಬ್ಬದ ಅಡುಗೆಗೆ ದೊಡ್ಡ ಪಾತ್ರೆಯೇನಾದರೂ ಸಿಕ್ಕೀತೇ ಎಂದು ನೋಡಲು. ಪಾತ್ರೆ ಸಿಗಲಿಲ್ಲ. ಗರಾಜಿನ ಒಳಗೋಡೆಯ ಮೇಲೆ, ಮಾರಾಟಕ್ಕಲ್ಲದ ಸಾಮಾನುಗಳ ನಡುವೆ, ಒಂದು ತ್ರೀ ನಾಟ್ ತ್ರೀ ಬಂದೂಕು ಕಂಡಿತು. ನಳಿಗೆಯ ತುದಿಯವರೆಗೂ ಇರಬೇಕಾದ ಮರವನ್ನು ಯಾರೋ ಅರ್ಧಕ್ಕೇ ಗರಗಸದಿಂದ ಕುಯ್ದಿದ್ದರು. ಉಳಿದರ್ಧ ನಳಿಗೆ ಬೆತ್ತಲೆಯಾಗಿ ಮುಂದಕ್ಕೆ ಚಾಚಿಕೊಂಡಿತ್ತು.

"ಇದನ್ನ ಹೀಗೆ ಹಾಳು ಮಾಡಿದ್ದು ಯಾರು?" ಎಂದು ಕೇಳಿಯೇಬಿಟ್ಟೆ. ಭಾಷೆ ಇಂಗ್ಲಿಷು, ಕೋಪ ಮಾತ್ರ ಅಪ್ಪಟ ಪೊಲೀಸ್ ಕ್ವಾರ್ಟರ್ಸಿನದು.

"ನನ್ನ ಅಣ್ಣ," ಎಂದರು ಮುದುಕರು. "ಈಗ ಅವನಿಲ್ಲ. ಇದ್ದಿದ್ದರೆ ನಿಮ್ಮ ಜೊತೆ ಚೆನ್ನಾಗಿ ಜಗಳ ಆಡ್ತಿದ್ದ."

ಅವರು ನಕ್ಕು, ಮಡಚುವ ಕುರ್ಚಿಯೊಂದನ್ನು ಬಿಡಿಸಿ ಹಾಕಿ, ಬಂದೂಕಿಗಾಗಿ ಇಷ್ಟು ಸಿಟ್ಟು ಮಾಡಿಕೊಳ್ಳುವ ಹೆಂಗಸು ಕೂತು ಕಾಫಿ ಕುಡಿದೇ ಹೋಗಬೇಕು ಎಂದರು. ಆ ಕುರ್ಚಿಯಲ್ಲಿ ಕೂತದ್ದಕ್ಕೆ ಈಗಲೂ ದೇವರಿಗೆ ಕೈಮುಗಿಯುತ್ತೇನೆ. ಮುಂದೆ ನಮ್ಮ ಮನೆಯಲ್ಲಿ ಅವರಿಗೆ ಮೂಲೆಮನೆ ತಾತ ಎಂದೇ ಹೆಸರಾಯಿತು.

ನನಗೇಕೆ ಅಷ್ಟು ಕೋಪ ಬಂತು ಎಂದು ಹೇಳಬೇಕು. ನಮ್ಮಪ್ಪ ಪೊಲೀಸ್ ಸಶಸ್ತ್ರ ಪಡೆಯಲ್ಲಿ ಬಂದೂಕು ರಿಪೇರಿಯ ಹವಾಲ್ದಾರರು. ಬೆಳಿಗ್ಗೆ ಶಸ್ತ್ರಾಗಾರದ ಬಾಗಿಲು ತೆಗೆದು ಬಂದೂಕುಗಳನ್ನು ಎಣಿಸಿ ಕೊಡುವುದು, ಸಂಜೆ ಎಣಿಸಿ ವಾಪಸ್ ತೆಗೆದುಕೊಳ್ಳುವುದು, ನಡುವೆ ಕೆಟ್ಟಿದ್ದನ್ನು ಸರಿಮಾಡುವುದು. ಬಂದೂಕಿನ ಮೈಮೇಲಿನ ನಂಬರಿಗೂ ಗುಂಡು ತುಂಬಲು ಎಳೆಯುವ ಬೋಲ್ಟಿನ ನಂಬರಿಗೂ ತಾಳೆಯಾಗಬೇಕು. ಮರದ ಮೇಲೆ ಒಂದು ಗೀರು ಬಿದ್ದರೂ ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉಕ್ಕಿನ ಮೇಲೆ ಬೆರಳಚ್ಚು ಬಿಡಬಾರದು. ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಉಕ್ಕನ್ನು ತಿನ್ನುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಸ್ಟೀಲ್ ಲೋಟವನ್ನೂ ಅಂಚು ಹಿಡಿದೇ ಎತ್ತುತ್ತಿದ್ದ ಮನುಷ್ಯ. ಅಮ್ಮ ಇದ್ದಾಗ, "ನಿಮಗೆ ಬಂದೂಕನ್ನೇ ಕಟ್ಟಬೇಕಿತ್ತು, ನನ್ನನ್ನ ಯಾಕೆ ಕಟ್ಕೊಂಡ್ರಿ?" ಎಂದು ರೇಗಿಸುತ್ತಿದ್ದಳು.

ವರ್ಷಕ್ಕೊಂದು ದಿನ ಮಾತ್ರ ಆ ಬಂದೂಕುಗಳನ್ನು ನಾವು ಮಕ್ಕಳು ಹತ್ತಿರದಿಂದ ನೋಡಬಹುದಿತ್ತು, ಆಯುಧಪೂಜೆಯಂದು. ತೊಳೆದ ನೆಲದ ಮೇಲೆ ಅವನ್ನು ಗೋಪುರದ ಹಾಗೆ ನಿಲ್ಲಿಸಿ ಚೆಂಡುಹೂವಿನ ಹಾರ ಹಾಕಿ, ಅಪ್ಪ ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ಉಂಗುರಬೆರಳಿನ ಕುಂಕುಮ ಇಡುತ್ತಿದ್ದರು. ಬೂದುಗುಂಬಳ ಒಡೆದ ಮೇಲೆ ನಮಗೆಲ್ಲ ಕಡ್ಲೆಪುರಿ, ಬೂಂದಿ. ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಅಪ್ಪ ಹೋಗಿ ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದರು. ಪೂಜೆ ಎಷ್ಟು ಮುಖ್ಯವೋ ಒರೆಸುವುದೂ ಅಷ್ಟೇ ಮುಖ್ಯ.

ಅಂಥವರ ಮಗಳಾದ ನಾನು ಕುಯ್ದ ಬಂದೂಕುಗಳನ್ನೇ ಕೂಡಿಹಾಕಲು ಶುರುಮಾಡಿದೆ. ಅದು ಮೂಲೆಮನೆ ತಾತನ ಪ್ರಭಾವ.

ಆಗ ಸ್ಯಾನ್ ಹೊಸೆಯಲ್ಲಿ ಎಲ್ಲರ ಬಾಯಲ್ಲೂ ಶೇರಿನದೇ ಮಾತು. ನಾನು ನೆಟ್‌ವರ್ಕ್ ಬೋರ್ಡುಗಳ ಟೆಸ್ಟಿಂಗ್ ಮಾಡುತ್ತಿದ್ದ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾವ ಕಂಪನಿ ಐಪಿಒಗೆ ಹೋಗುತ್ತದೆ, ಯಾರು ಕೆಲಸ ಬಿಟ್ಟು ಎಲ್ಲಿಗೆ ಹಾರುತ್ತಾರೆ ಎನ್ನುವುದು ಬಿಟ್ಟರೆ ಬೇರೆ ಸುದ್ದಿಯಿಲ್ಲ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ವಾರಾಂತ್ಯ ಬಂದರೆ ತಾತನ ಗರಾಜಿಗೆ ಓಡುತ್ತಿದ್ದೆ. ನಮ್ಮ ಆಫೀಸು ನಿಂತಿರುವ ಜಾಗದಲ್ಲಿ ಮೊದಲು ಏಪ್ರಿಕಾಟ್ ತೋಟವಿತ್ತು, ತಾವೂ ತಮ್ಮ ಅಣ್ಣನೂ ಅಲ್ಲೇ ಹಣ್ಣು ಕಿತ್ತು ಬೆಳೆದದ್ದು ಎಂದು ಅವರು ಹೇಳಿದ್ದು ಅಲ್ಲೇ. ದೊಡ್ಡ ಯುದ್ಧ ಮುಗಿದ ಮೇಲೆ ಸೈನ್ಯಗಳಿಗೆ ಬೇಡವಾದ ಬಂದೂಕುಗಳು ಅಗ್ಗಕ್ಕೆ ಅಂಚೆಯಲ್ಲಿ ಬರುತ್ತಿದ್ದವಂತೆ. ಹೊಸ ಬೇಟೆ ಬಂದೂಕು ಕೊಳ್ಳಲಾಗದ ಕೂಲಿಯವರು, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯವರು, ಹಾಲು ಹಾಕುವವರು ಅವನ್ನು ತರಿಸಿ, ಅಡುಗೆಮನೆ ಮೇಜಿನ ಮೇಲಿಟ್ಟು ಭಾರದ ಮರವನ್ನು ಕುಯ್ದು, ಉಜ್ಜಿ, ಬೆಟ್ಟ ಹತ್ತಲು ಹಗುರ ಮಾಡಿಕೊಳ್ಳುತ್ತಿದ್ದರಂತೆ.

"ಸೈನ್ಯದ ಬಂದೂಕುಗಳೆಲ್ಲ ಒಂದೇ ಥರ," ಎನ್ನುತ್ತಿದ್ದರು ತಾತ. "ಕುಯ್ದ ಮೇಲೆ ಒಂದರ ಹಾಗೆ ಇನ್ನೊಂದಿಲ್ಲ."

ಅದು ಸತ್ಯ. ಹಳೇ ಟೈರು ಕತ್ತರಿಸಿ ಭುಜಕ್ಕೆ ಮೆತ್ತೆ ಮಾಡಿದ್ದ ಒಂದು ಬಂದೂಕು ನನಗೆ ಸಿಕ್ಕಿತು. ಎಡಗೈಯವನು ಕೆನ್ನೆಗೆ ಒತ್ತುವ ಕಡೆ ಕೆತ್ತಿಕೊಂಡಿದ್ದ ಇನ್ನೊಂದು. ಹೆಂಡತಿಗೆಂದು ಹಿಂಭಾಗವನ್ನು ಗಿಡ್ಡ ಮಾಡಿ, ಮರದ ಮೇಲೆ ಮೀನೋ ಎಲೆಯೋ ತಿಳಿಯದ ಚಿತ್ತಾರ ಕೊರೆದ ಮತ್ತೊಂದು. ಅಂಚು ಸೊಟ್ಟ, ಗರಗಸದ ಹಲ್ಲಿನ ಗುರುತು, ಬಣ್ಣವಂತೂ ಕೇಳಲೇಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ ಮಾಡಿದವರು ಮುದ್ದಾಡಿರಬೇಕು. ಬಂದೂಕಿನ ಸಂತೆಯಂಥ ಗನ್ ಶೋಗಳಲ್ಲಿ ಅಸಲಿ ಸೈನ್ಯದ ಬಂದೂಕು ಕೂಡಿಡುವವರು ಇವುಗಳ ಕಡೆ ಮೂಗು ಮುರಿಯುತ್ತಿದ್ದರು. ಇವು ಸೌದೆಗೆ ಸಮ ಎಂದು ಒಬ್ಬ ಹೇಳಿದ. ಚೂಡಿದಾರ್ ಹಾಕಿಕೊಂಡು ಬಂದ ನಾನು ದಾರಿತಪ್ಪಿ ಬಂದಿರಬೇಕು ಎಂದು ಇನ್ನೊಬ್ಬ ಬಾಗಿಲು ತೋರಿಸಿದ. ನಾನು ಅಲ್ಲೇ ನಿಂತು ಅವನ ಮೇಜಿನ ಮೇಲಿದ್ದ ಬಂದೂಕಿನ ಎರಡು ನಂಬರು ತಾಳೆಯಾಗುವುದಿಲ್ಲ ಎಂದು ತೋರಿಸಿಕೊಟ್ಟೆ. ತಾತ ಆ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಗ್ರೀನ್ ಕಾರ್ಡು ಬಂದಿತ್ತು, ಕಾನೂನಿನ ಪ್ರಕಾರ ಡೀಲರ್ ಅಂಗಡಿಯಲ್ಲಿ ಅರ್ಜಿ ಕೊಟ್ಟು ಕಾದು ಒಂದೊಂದೇ ತಂದೆ. ಗರಾಜಿನ ಉಕ್ಕಿನ ಬೀರು ನಿಧಾನಕ್ಕೆ ತುಂಬಿತು. ನಮ್ಮೆಜಮಾನರು ಮೊದಮೊದಲು ಗೊಣಗಿ, ಶೇರಿನ ಹುಚ್ಚಿಗಿಂತ ಇದೇ ವಾಸಿ ಎಂದು ಸುಮ್ಮನಾದರು. ನನಗಿದ್ದದ್ದು ಒಂದೇ ಅಳುಕು: ಇದನ್ನು ಅಪ್ಪನಿಗೆ ಹೇಗೆ ತೋರಿಸುವುದು? ಜೀವಮಾನವಿಡೀ ಒಂದು ಗೀರು ಬೀಳದಂತೆ ಬಂದೂಕು ಕಾದವರ ಮುಂದೆ, ಗರಗಸ ಹಾಕಿದವುಗಳ ಸಾಲನ್ನೇ ನಿಲ್ಲಿಸುವುದು ಹೇಗೆ?

ಅಮ್ಮ ಹೋದ ಮೇಲೆ ಅಪ್ಪ ಮೊದಲ ಬಾರಿ ಅಮೆರಿಕಕ್ಕೆ ಬಂದದ್ದು ನವರಾತ್ರಿಗೆ ಸ್ವಲ್ಪ ಮುಂಚೆ.

"ಬೀರಿಗೆ ಬೀಗ ಹಾಕಿ ಬೀಗದ ಕೈ ನನ್ ಹತ್ರ ಕೊಡು. ಆರು ತಿಂಗಳು ತಾನೇ," ಎಂದರು ನಮ್ಮೆಜಮಾನರು.

"ಅಪ್ಪಂಗೆ ಬಂದೂಕಿನೆಣ್ಣೆ ವಾಸನೆ ಬಾಗಿಲಲ್ಲೇ ಗೊತ್ತಾಗುತ್ತೆ ರೀ," ಎಂದೆ. ಹಾಗೇ ಆಯಿತು. ಪ್ರಯಾಣದ ಸುಸ್ತು ಕಳೆದ ಮರುದಿನವೇ ಗರಾಜಿನಲ್ಲಿ ನಿಂತು ಮೂಗರಳಿಸಿ, "ಯಾವ ಬಂದೂಕಮ್ಮಾ ಇರೋದು?" ಎಂದು ಕೇಳಿದರು. ನಾನು ಬೀರು ತೆಗೆದೆ.

ಅಪ್ಪ ಒಂದನ್ನು ಎತ್ತಿಕೊಂಡು, ಅಭ್ಯಾಸದಂತೆ ಬೋಲ್ಟು ಎಳೆದು ಖಾಲಿಯಿದೆ ಎಂದು ನೋಡಿ, ಕುಯ್ದ ತುದಿಯನ್ನು ಬೆಳಕಿಗೆ ಹಿಡಿದರು. ಇನ್ನೊಂದನ್ನು ಎತ್ತಿದರು. ಮೂರನೆಯದನ್ನು ಎತ್ತಲಿಲ್ಲ. "ಒಂದಾದ್ರೂ ನೆಟ್ಟಗಿಲ್ಲವಲ್ಲಮ್ಮ," ಎಂದರು. ಬೈದಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಟಿವಿ ಮುಂದೆ ಕೂತರು. ಆ ವಾರವೆಲ್ಲ ಗರಾಜಿನ ಕಡೆ ತಲೆ ಹಾಕಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ, ಇಂಡಿಯನ್ ಗ್ರೋಸರಿಯಿಂದ ಚೆಂಡುಹೂವು, ಬೂದುಗುಂಬಳ ತಂದು ಮೇಜಿನ ಮೇಲಿಟ್ಟು ನಾನೇ ಬಾಯಿಬಿಟ್ಟೆ. "ಅಪ್ಪ, ಆಯುಧಪೂಜೆ ಈ ಸಲ ನಿಮ್ಮ ಕೈಯಿಂದಲೇ ಆಗ್ಲಿ."

"ಕಾರ್‌ಗೆ ಮಾಡ್ತೀನಿ. ನಿನ್ನ ಕಂಪ್ಯೂಟರ್‌ಗೂ ಮಾಡ್ತೀನಿ," ಎಂದರು. "ಅವುಕ್ಕೆ ಬೇಡ."

"ಯಾಕೆ?"

"ಮೂಗು ಮುರಿದ ವಿಗ್ರಹಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ? ಅವು ಭಿನ್ನ ಆಗಿವೆ. ಭಿನ್ನ ಆದದ್ದಕ್ಕೆ ಪೂಜೆ ಇಲ್ಲ."

ನನಗೆ ಉರಿದುಹೋಯಿತು. ಪೊಲೀಸರಿಗೆಂದು ತ್ರೀ ನಾಟ್ ತ್ರೀಯ ನಳಿಗೆಯನ್ನೇ ಕೊರೆದು ಮಾಡಿದ ಮಸ್ಕೆಟ್ಟುಗಳು ಅಪ್ಪನ ಶಸ್ತ್ರಾಗಾರದಲ್ಲೂ ಇದ್ದವು. "ನಿಮ್ಮ ಮಸ್ಕೆಟ್ಟು ಮತ್ತೇನಪ್ಪ? ಅದೂ ಕೊರೆದದ್ದೇ ಅಲ್ವಾ? ಅದಕ್ಕೆ ವರ್ಷಾವರ್ಷಾ ಹೂವು ಏರಿಸ್ತಿದ್ರಲ್ಲ?"

"ಅದು ಸರ್ಕಾರ ಮಾಡಿದ್ದು."

"ಸರ್ಕಾರ ಮಾಡಿದ್ರೆ ಸರಿ, ಕೂಲಿಯವನು ಮಾಡಿದ್ರೆ ಭಿನ್ನಾನಾ?"

ಅಪ್ಪ ಲೋಟವನ್ನು ಅಂಚು ಹಿಡಿದು ಎತ್ತಿಕೊಂಡು ಹಿತ್ತಲಿಗೆ ಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ನನಗೆ ಹೇಳುತ್ತಿದ್ದದ್ದು ನೆನಪಾಯಿತು. ಆದರೆ ನನಗೆ ನಿಜಕ್ಕೂ ಅಳು ಬಂದಿತ್ತು. ಆ ಬೀರಿನಲ್ಲಿದ್ದದ್ದನ್ನೆಲ್ಲ ನಾನು ಹುಡುಕಿ ತಂದದ್ದು ಅಪ್ಪನಿಂದ ಕಲಿತ ಕಣ್ಣಿನಿಂದಲೇ. ಅವರು ಒಂದೇ ಒಂದಕ್ಕಾದರೂ ಕುಂಕುಮ ಇಟ್ಟರೆ ಸಾಕಿತ್ತು.

ಹಬ್ಬದ ಬೆಳಿಗ್ಗೆ ಇನ್ನೊಂದು ಪೇಚಾಟ. ನಮ್ಮ ಪೂಜೆಯ ಸುದ್ದಿಯನ್ನು ನಾನು ಎಂದೋ ಹೇಳಿದ್ದು ಮೂಲೆಮನೆ ತಾತನ ನೆನಪಿನಲ್ಲಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಣ್ಣನ ಬಂದೂಕಿನ ಉದ್ದನೆಯ ಪೆಟ್ಟಿಗೆ ಹಿಡಿದು, ಡ್ರೈವ್‌ವೇಯಲ್ಲಿ ಬಂದು ನಿಂತರು. ಅಣ್ಣ ಹೋದಾಗ ಚರ್ಚಿನಲ್ಲಿ ಅವನ ಬಗ್ಗೆ ಎಲ್ಲರೂ ಮಾತಾಡಿದರು, ಈ ಬಂದೂಕಿನ ಬಗ್ಗೆ ಯಾರೂ ಆಡಲಿಲ್ಲ, ನಿಮ್ಮ ತಂದೆ ಇದಕ್ಕೂ ಒಂದು ಆಶೀರ್ವಾದ ಮಾಡಬಹುದೇ ಎಂದು ಕೇಳಿದರು. ಕಾರಿಗೆ ಹಾರ ಹಾಕುತ್ತಿದ್ದ ಅಪ್ಪ ತಿರುಗಿ ನೋಡಿದರು. ಇಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ ಎಂದು ನಾನು ಪದ ಹುಡುಕತೊಡಗಿದೆ.

ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡುವ ಪೈಕಿಯವರಲ್ಲ ನಮ್ಮಪ್ಪ. ಗರಾಜಿನೊಳಗೆ ಕರೆದು, ಕುರ್ಚಿ ಕೊಟ್ಟು, ಪೆಟ್ಟಿಗೆ ತೆಗೆದರು. ಬೋಲ್ಟು ಎಳೆದು ನೋಡಿದರು. ನಂಬರು ನೋಡಿದರು. ಕುಯ್ದ ತುದಿಗೆ ಬಂದಾಗ ಅವರ ಕೈ ನಿಂತಿತು. ಅಲ್ಲಿ ಹೆಬ್ಬೆರಳಿನಷ್ಟು ಉದ್ದಕ್ಕೆ ಬೇರೆ ಬಣ್ಣದ ಮರವನ್ನು ಕೂಡಿಸಿ, ಕೂಡಿಸಿದ ಜಾಗ ಉಗುರಿಗೂ ತಾಗದಂತೆ ಉಜ್ಜಿದ್ದರು.

"ಇದು ಯಾವ ಮರ ಕೇಳು," ಎಂದರು.

"ಏಪ್ರಿಕಾಟ್," ಎಂದರು ತಾತ. ತೋಟ ಕಡಿದ ವರ್ಷ ಅಣ್ಣ ಒಂದು ಕೊಂಬೆ ಎತ್ತಿಟ್ಟುಕೊಂಡಿದ್ದನಂತೆ. ತಂದೆ ಇಲ್ಲದ ಮನೆ, ಆರು ಜನ ತಮ್ಮ ತಂಗಿಯರು. ಅಣ್ಣ ಪ್ರತಿ ವರ್ಷ ಬೆಟ್ಟಕ್ಕೆ ಹೋಗಿ ಈ ಬಂದೂಕಿನಿಂದ ಒಂದು ಜಿಂಕೆ ಹೊಡೆದು ತಂದರೆ, ತಾಯಿ ಅದರ ಮಾಂಸವನ್ನು ಕೆಡದಂತೆ ಜಾಡಿಗಳಲ್ಲಿ ಹಾಕಿಟ್ಟು ಚಳಿಗಾಲ ದಾಟಿಸುತ್ತಿದ್ದರಂತೆ. ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ಅಪ್ಪನಿಗೆ ಹೇಳಿದೆ.

"ಕುಯ್ದ ಮೇಲೆ ಇದು ಮನುಷ್ಯರ ಮೇಲೆ ಹಾರಿದೆಯಾ, ಕೇಳು."

ಅಂಥ ಪ್ರಶ್ನೆಯನ್ನು ಬಂದವರಿಗೆ ಕೇಳುವುದೇ? ಹಿಂಜರಿಯುತ್ತಲೇ ಕೇಳಿದೆ. ತಾತ ಬೇಸರ ಮಾಡಿಕೊಳ್ಳಲಿಲ್ಲ. "ಇಲ್ಲ. ಅದಕ್ಕೆ ಮುಂಚೆ ಯುದ್ಧದಲ್ಲಿ ಏನಾಗಿತ್ತೋ, ಅದು ಇದಕ್ಕೇ ಗೊತ್ತು. ನಮ್ಮ ಮನೆಗೆ ಬಂದ ಮೇಲೆ ಇದು ನಮಗೆ ಊಟ ಹಾಕಿದೆ, ಅಷ್ಟೇ."

ಅಪ್ಪ ಬಂದೂಕನ್ನು ಮಂಡಿಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಆಮೇಲೆ ನನ್ನನ್ನು ನೋಡದೆ, ತಾತನನ್ನು ನೋಡಿಕೊಂಡು, ಕನ್ನಡದಲ್ಲೇ ಮಾತಾಡತೊಡಗಿದರು. ಅವರ ಇಂಗ್ಲಿಷು ಪೆರೇಡಿನ ಹುಕುಂಗಳಿಗೇ ಮುಗಿಯುತ್ತಿತ್ತು.

"ನನ್ ಸರ್ವೀಸಲ್ಲಿ ಒಂದ್ಸಲ ಗೋಲಿಬಾರ್ ಆಯ್ತು. ಸಂತೆ ಬೀದೀಲಿ. ಬೆಳಿಗ್ಗೆ ನಾನೇ ಎಣಿಸಿಕೊಟ್ಟ ಬಂದೂಕುಗಳು, ಸಂಜೆ ನಾನೇ ವಾಪಸ್ ತಗೊಂಡೆ. ಒಂದು ಗೀರಿಲ್ಲ. ನಂಬರ್ ಸರಿ, ಬೋಲ್ಟ್ ಸರಿ. ಸಾಹೇಬ್ರು ಬಂದು ನೋಡಿ, ಚೆನ್ನಾಗಿ ಇಟ್ಟಿದೀಯ ಅಂತ ಬೆನ್ನು ತಟ್ಟಿದ್ರು. ಆಚೆ ಆಸ್ಪತ್ರೆ ಬಾಗಿಲಲ್ಲಿ ಹೆಂಗಸ್ರು ಎದೆ ಎದೆ ಬಡ್ಕೊಂಡು ಅಳ್ತಾ ಇದ್ರು, ಶಸ್ತ್ರಾಗಾರದವರೆಗೂ ಕೇಳ್ತಿತ್ತು. ನಳಿಗೆಗೆ ಎಷ್ಟು ಸಲ ಬಟ್ಟೆ ಎಳೆದ್ರೂ ಕಪ್ಪು ಬರ್ತಾನೇ ಇತ್ತು. ಆ ವರ್ಷಾನೂ ಹಬ್ಬ ಬಂತು. ಅವುಕ್ಕೇ ಕುಂಕುಮ ಇಟ್ಟೆ. ಒಂದೂ ಭಿನ್ನ ಆಗಿರ್ಲಿಲ್ಲ ನೋಡಿ."

ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ತಾತನಿಗೆ ಎಷ್ಟು ಹೊಸದೋ ನನಗೂ ಅದು ಅಷ್ಟೇ ಹೊಸದು. ಆ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳು ನಾನು. ಅಮ್ಮನಿಗಾದರೂ ಗೊತ್ತಿತ್ತೋ ಇಲ್ಲವೋ. ಕೊನೆಯ ವಾಕ್ಯವನ್ನು ಪೂರ್ತಿ ಹೇಳಲಾಗಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತಾತ ಎದ್ದು ಅಪ್ಪನ ಪಕ್ಕ ಅದೇ ಮೆಟ್ಟಿಲ ಮೇಲೆ ಕೂತರು.

ಅಪ್ಪ ಬಂದೂಕನ್ನು ತಾತನ ಕೈಗೆ ಕೊಟ್ಟು ಎದ್ದು, "ಬೀರು ತೆಗಿಯಮ್ಮ," ಎಂದರು.

ಕಾರಿಗೆಂದು ತಂದ ಹೂವನ್ನೆಲ್ಲ ಕುಯ್ದ ಬಂದೂಕುಗಳಿಗೆ ಹಂಚಿದರು. ಟೈರಿನ ಮೆತ್ತೆಯದನ್ನು ತಿರುಗಿಸಿ ತಿರುಗಿಸಿ ನೋಡಿ, "ಕಿಲಾಡಿ ನನ್ಮಗ," ಎಂದು ಮಾಡಿದವನನ್ನು ಹೊಗಳಿದರು. ಅವನ್ನೆಲ್ಲ ಗೋಪುರದಂತೆ ನಿಲ್ಲಿಸಿ, ಏಪ್ರಿಕಾಟ್ ಮರದ್ದನ್ನು ನಡುವೆ ಇಟ್ಟು, ಮೊದಲ ವಿಭೂತಿ, ಮೊದಲ ಕುಂಕುಮ ಅದಕ್ಕೇ. ಡ್ರೈವ್‌ವೇಯಲ್ಲಿ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿದಾಗ ಎದುರುಮನೆಯಾಕೆ ಕಿಟಕಿಯಿಂದ ಗಾಬರಿಯಾಗಿ ನೋಡಿದಳು. ತಾತ ಕೈ ಬೀಸಿ, ಎಲ್ಲ ಸರಿಯಿದೆ ಎಂದು ತಾವೇ ಜವಾಬ್ದಾರಿ ಹೊತ್ತರು. ಕಡ್ಲೆಪುರಿಯನ್ನು ಎರಡೆರಡು ಸಲ ಹಾಕಿಸಿಕೊಂಡು, ಪೆಟ್ಟಿಗೆ ಹಿಡಿದು ಸಂಜೆಗೆ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ನಮ್ಮ ಬಂದೂಕುಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ ಒಳಗಿಟ್ಟಿದ್ದರು. ತಾತನದನ್ನೂ ಒರೆಸಬೇಕು ಎಂದು ಅವರಿಗೆ ಹೇಳಲು ನಮಗ್ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಅದು ಮಕ್ಕಳಿಗೂ ಗೊತ್ತಿರುವ ಸಂಗತಿ.

ಅಪ್ಪ ಊರಿಗೆ ಹೋದರು. ಅದರ ಮರುವರ್ಷ ಶೇರುಗಳು ನೆಲಕಚ್ಚಿದವು, ಆಫೀಸಿನ ಅರ್ಧ ಕುರ್ಚಿಗಳು ಖಾಲಿಯಾದವು, ಫ್ರೀವೇಯಲ್ಲಿ ಬೆಳಗಿನ ಹೊತ್ತೂ ಕಾರು ಸಲೀಸಾಗಿ ಓಡತೊಡಗಿತು. ನನ್ನ ಕೆಲಸ ಹೇಗೋ ಉಳಿಯಿತು. ಮೂಲೆಮನೆ ತಾತ ಮನೆ ಮಾರಿ ಉತ್ತರಕ್ಕೆ ಮಗಳ ಮನೆಗೆ ಹೊರಟರು. ಅಲ್ಲಿ ಯಾರಿಗೂ ಬಂದೂಕು ಬೇಡವಂತೆ. ಅಣ್ಣನ ಬಂದೂಕು ನಿನ್ನ ಬೀರಿನಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ ಎಂದು ಹೇಳಿ, ಡೀಲರ್ ಅಂಗಡಿಗೆ ತಾವೇ ಬಂದು ಸಹಿ ಹಾಕಿ ನನಗೆ ಕೊಟ್ಟರು. ಕೊಡುವಾಗ ಅವರ ಮುಖ ಸಣ್ಣದಾಗಿತ್ತು.

"ಪವಿತ್ರವಾದದ್ದು, ಮುಟ್ಟಬಾರದು ಅಂದುಕೊಂಡೆ. ಹಾಗೇ ಬಿಟ್ಟೆ. ನೋಡು, ತುಕ್ಕು ಹಿಡೀತು. ನಿನ್ನ ಅಪ್ಪ ಬೈತಾರಾ?"

ನಳಿಗೆಯ ಬುಡದಲ್ಲಿ, ಕುಂಕುಮ ಇಟ್ಟ ಜಾಗದಲ್ಲಿ, ಕಂದು ಬಣ್ಣದ ಮೊಟ್ಟೆಯಾಕಾರದ ಗುರುತು. ಹತ್ತಿರ ಹಿಡಿದರೆ ಅಪ್ಪನ ಉಂಗುರಬೆರಳಿನ ಗೆರೆಗಳೂ ಕಾಣುತ್ತಿದ್ದವು.

ಅಂದೇ ಕಾಲಿಂಗ್ ಕಾರ್ಡಿನಿಂದ ಅಪ್ಪನಿಗೆ ಫೋನು ಮಾಡಿ ಆ ಗುರುತಿನ ವಿಷಯ ಹೇಳಿದೆ. ಆಚೆ ಕಡೆಯಿಂದ ನಗು ಕೇಳಿಸಿತು, ಅಮ್ಮ ಹೋದ ಮೇಲೆ ನಾನು ಕೇಳದ ನಗು. "ಇಡೀ ಸರ್ವೀಸಲ್ಲಿ ಒಂದು ಬೆರಳಚ್ಚು ಬಿಟ್ಟವನಲ್ಲ ಕಣಮ್ಮ ನಾನು. ಅಮೆರಿಕಕ್ಕೆ ಬಂದು ಒಂದು ಬಿಟ್ಟೆ ನೋಡು."

"ಉಜ್ಜಿ ತೆಗೀಲಾ ಅಪ್ಪ?"

"ಬೇಡ," ಎಂದರು. "ಎಣ್ಣೆ ಹಚ್ಚು. ಉಜ್ಜಬೇಡ."

ಈಗ ಅಪ್ಪ ಇಲ್ಲ. ತಾತನೂ ಇಲ್ಲ. ಅವರಿಬ್ಬರೂ ನನ್ನ ಬದುಕಿಗೆ ಬಂದದ್ದು, ಒಂದೇ ಮೆಟ್ಟಿಲ ಮೇಲೆ ಕೂತದ್ದು, ನಾನು ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ದಾಟಿಸಿದ್ದು, ಇದಕ್ಕಿಂತ ದೊಡ್ಡ ಭಾಗ್ಯ ಈ ಊರಿನಲ್ಲಿ ನನಗೆ ಸಿಗಲಿಲ್ಲ. ಪ್ರತಿ ಆಯುಧಪೂಜೆಗೂ ಏಪ್ರಿಕಾಟ್ ಮರದ ಬಂದೂಕಿಗೇ ಮೊದಲ ಕುಂಕುಮ. ಉಂಗುರಬೆರಳನ್ನು ಅಪ್ಪನ ಗುರುತಿನ ಮೇಲೇ ಇಡುತ್ತೇನೆ. ಅವರ ಬೆರಳು ನನ್ನದಕ್ಕಿಂತ ದಪ್ಪ, ನನ್ನ ಕುಂಕುಮ ಪೂರ್ತಿ ಅದರೊಳಗೇ ಕೂರುತ್ತದೆ. ಮಾರನೆಯ ಬೆಳಿಗ್ಗೆ ನನ್ನದನ್ನು ಒರೆಸಿ, ಅವರದಕ್ಕೆ ಎಣ್ಣೆ ಹಚ್ಚುತ್ತೇನೆ.